ಮೂರನೇ ಟೇಕಿನ ನಗು

ಸಿನಿಮಾದವರು ಅವರನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಓದುವ ಕಾಲದಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಮೇಷ್ಟ್ರುಗಳನ್ನು ಅಣಕಿಸಿ ಹೊರಗೆ ಹಾಕಿಸಿಕೊಂಡವರು. ಆದರೂ ಸೆಟ್ಟಿನಲ್ಲಿ ಅವರು ಕೂರುವ ಭಂಗಿಗೆ ಆ ಹೆಸರು ಅಂಟಿಕೊಂಡಿತು. ಉಳಿದ ನಿರ್ದೇಶಕರೆಲ್ಲ ನಟರನ್ನು ನೋಡುತ್ತ ಕೂತರೆ, ಇವರು ನಟರಿಗೆ ಬೆನ್ನು ಹಾಕಿ, ಕ್ಯಾಮೆರಾದ ಹಿಂದೆ ನಿಂತ ಲೈಟಿನವರು, ಟ್ರಾಲಿ ತಳ್ಳುವವರು, ಮೇಕಪ್ಪಿನವರ ಕಡೆ ಮುಖ ಮಾಡಿ, ಪರೀಕ್ಷೆಯಲ್ಲಿ ನಕಲು ಹಿಡಿಯುವವರ ಹಾಗೆ ಒಬ್ಬೊಬ್ಬರನ್ನೇ ದಿಟ್ಟಿಸುತ್ತಿದ್ದರು.

ಇದೇನು ದೊಡ್ಡ ತಪಸ್ಸು ಮಾಡಿ ಕಂಡುಕೊಂಡ ವಿದ್ಯೆಯಲ್ಲ. ಮೊದಲ ಸಿನಿಮಾದ ಮೊದಲ ದಿನ, ಆ ಕಾಲದ ಹೆಸರುವಾಸಿ ಹಾಸ್ಯನಟ, "ನಿನ್ನ ಮೋರೆ ನೋಡಿದ್ರೆ ನನಗೆ ಡೈಲಾಗೇ ಮರೆತು ಹೋಗುತ್ತೆ, ಆ ಕಡೆ ತಿರುಗಿ ಕೂತ್ಕೊಳಯ್ಯ" ಎಂದು ಗದರಿದ್ದ. ಇಪ್ಪತ್ತೊಂಬತ್ತರ ಹೊಸ ನಿರ್ದೇಶಕ ಕುರ್ಚಿ ತಿರುಗಿಸಿದ. ಅಲ್ಲಿ ಏಣಿಯ ಮೇಲೆ ನಿಂತಿದ್ದ ಲೈಟಿನವನೊಬ್ಬ ಟವೆಲನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದುದು ಕಂಡಿತು. ಕ್ಯಾಮೆರಾ ಓಡುವಾಗ ಸದ್ದು ಮಾಡಿದರೆ ಕೆಲಸದಿಂದ ಕಿತ್ತುಹಾಕುತ್ತಿದ್ದ ಕಾಲ ಅದು. ಕೆಲಸ ಹೋದರೂ ಸರಿ, ನಗು ತಡೆಯಲಾಗುತ್ತಿಲ್ಲ ಎನ್ನುವ ಸ್ಥಿತಿಗೆ ಆ ಮನುಷ್ಯ ಬಂದಿದ್ದ. ಮೇಷ್ಟ್ರು ಆ ಟೇಕನ್ನೇ ಓಕೆ ಮಾಡಿದರು. ನಾಲ್ಕು ತಿಂಗಳ ಮೇಲೆ ಥಿಯೇಟರಿನಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಜನ ಬಿದ್ದು ಬಿದ್ದು ನಕ್ಕರು.

ಅಲ್ಲಿಂದ ಮುಂದೆ ಅವರು ಕುರ್ಚಿಯನ್ನು ನಟರ ಕಡೆ ತಿರುಗಿಸಲೇ ಇಲ್ಲ. ಏಳು ಸಿನಿಮಾ ಮಾಡಿದರು. ಐದು ಓಡಿದವು. ಒಂದೊಂದು ದೃಶ್ಯಕ್ಕೆ ಒಂಬತ್ತು, ಹನ್ನೊಂದು, ಒಮ್ಮೆ ಇಪ್ಪತ್ಮೂರು ಟೇಕು. ನಟರು ಶಪಿಸುತ್ತಿದ್ದರು, ನಿರ್ಮಾಪಕರು ತಲೆ ಚಚ್ಚಿಕೊಳ್ಳುತ್ತಿದ್ದರು. ಹಿಂದೆ ನಿಂತವರ ಭುಜ ಅಲುಗುವ ತನಕ ಇವರ ಬಾಯಿಂದ ಓಕೆ ಬರುತ್ತಿರಲಿಲ್ಲ. ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ, ಬೆಳಗಿನಿಂದ ಬೈಸಿಕೊಂಡು ನಿಂತ ಮನುಷ್ಯ ನಕ್ಕರೆ ಯಾರು ಬೇಕಾದರೂ ನಗುತ್ತಾರೆ, ಇಷ್ಟೇ ಅವರ ಲೆಕ್ಕಾಚಾರ.

ಆಮೇಲೆ ಕಾಲ ಬದಲಾಯಿತು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಿಜ ಹೇಳಬೇಕೆಂದರೆ ಕೊನೆಯ ಎರಡು ಸಿನಿಮಾ ಚೆನ್ನಾಗಿರಲಿಲ್ಲ. ನಿರ್ಮಾಪಕರ ಅಳಿಯ ಕಥೆ ಬರೆದಿದ್ದ, ಮೇಷ್ಟ್ರು ದಾಕ್ಷಿಣ್ಯಕ್ಕೆ ಬಿದ್ದು ಒಪ್ಪಿದ್ದರು. ಎರಡೂ ನೆಲಕಚ್ಚಿದವು. ಫೋನು ಮಾಡುವವರು ಕಡಿಮೆಯಾದರು, ಆಮೇಲೆ ಇಲ್ಲವಾದರು. ಟೀವಿಯವರು ಕರೆದು ಒಂದು ಅಳುವ ಧಾರಾವಾಹಿಗೆ ಹಾಕಿದರು. ಒಂಬತ್ತು ವರ್ಷ ಅದೇ ಮನೆ, ಅದೇ ಸೋಫಾ, ಅದೇ ಅಳು. ಅಲ್ಲಿ ಯಾರ ಮುಖವನ್ನೂ ನೋಡುವ ಪ್ರಮೇಯ ಬರಲಿಲ್ಲ. ಕಣ್ಣಿಗೆ ಗ್ಲಿಸರಿನ್ ಹಾಕಿದರೆ ನೀರು ತಾನಾಗಿ ಇಳಿಯುತ್ತಿತ್ತು, ಮೇಷ್ಟ್ರು ಕಟ್ ಎನ್ನುತ್ತಿದ್ದರು, ಮನೆಗೆ ಬಂದು ಮಾತಾಡದೆ ಉಂಡು ಮಲಗುತ್ತಿದ್ದರು.

ಅವರ ಒಬ್ಬಳೇ ಮಗಳು ಈ ಸೆಟ್ಟುಗಳಲ್ಲೇ ಬೆಳೆದವಳು. ಹಳೆಯ ಸಿನಿಮಾಗಳಲ್ಲಿ ಅವಳ ಅಮ್ಮ ಬಟ್ಟೆಯ ವಿಭಾಗ ನೋಡಿಕೊಳ್ಳುತ್ತಿದ್ದಳು. ಹೊಲಿಗೆ ಮೆಷಿನ್ನಿನ ಕೆಳಗೆ ಚಿಂದಿ ಹಾಸಿಕೊಂಡು ಮಲಗಿದ ಆ ಮಗುವಿಗೆ ಈಗ ಮೂವತ್ನಾಲ್ಕು. ಅಪ್ಪನ ಕೈಕೆಳಗೆ ಸಹನಿರ್ದೇಶಕಿ. ಅಪ್ಪ ನಗುತ್ತಿದ್ದ ಕಾಲವೂ ಅವಳಿಗೆ ಗೊತ್ತು, ನಗು ನಿಂತ ಕಾಲವೂ ಗೊತ್ತು.

ಅಂಥ ಹೊತ್ತಿನಲ್ಲಿ ಚಾನೆಲ್ಲಿನ ಅಧಿಕಾರಿಯೊಬ್ಬಳು ಮೇಷ್ಟ್ರನ್ನು ಕರೆಸಿದಳು. ಚಿಕ್ಕಂದಿನಲ್ಲಿ ಅವರ ಸಿನಿಮಾ ನೋಡಿ ಬೆಳೆದವಳಂತೆ. "ಹದಿಮೂರು ಕಂತು ಮಾಡಿಕೊಡಿ ಸಾರ್, ಪೂರಾ ಕಾಮಿಡಿ. ಜನ ಹಿಡಿದ್ರೆ ವರ್ಷಗಟ್ಟಲೆ ಓಡಿಸೋಣ" ಎಂದಳು. ಹಿಡಿಯದಿದ್ದರೆ ಏನು ಎಂದು ಅವಳೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅರವತ್ತಾರು ವರ್ಷದ ನಿರ್ದೇಶಕನಿಗೆ ಇನ್ನೊಂದು ಸಲ ಇಂಥ ಬಾಗಿಲು ತೆರೆಯುವುದಿಲ್ಲ ಎನ್ನುವುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಮೂರನೆಯವಳು ಮಗಳು.

ಕಥೆ ಚೆನ್ನಾಗಿತ್ತು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಒಬ್ಬ ಬೀಗ ರಿಪೇರಿಯವನು. ಊರಿನವರ ಬೀಗವನ್ನೆಲ್ಲ ತೆಗೆದು ಕೊಡುವವನು ದಿನಾ ತನ್ನ ಮನೆಯ ಕೀಲಿ ಮರೆತು ಹೊರಗೆ ನಿಲ್ಲುತ್ತಾನೆ. ಪಾತ್ರಕ್ಕೆ ಮೇಷ್ಟ್ರ ಹಳೆಯ ಸಿನಿಮಾಗಳಲ್ಲಿದ್ದ ನಟನೊಬ್ಬನನ್ನೇ ಹಾಕಿಕೊಂಡರು. ದಪ್ಪ ಕನ್ನಡಕದಿಂದಾಗಿ ಎಲ್ಲರೂ ಅವನನ್ನು ಸೋಡಾ ಎನ್ನುತ್ತಿದ್ದರು. ಸೋಡಾ ಸುಮ್ಮನೆ ಬಾಗಿಲ ಮುಂದೆ ನಿಂತರೂ ಏನೋ ಕಳೆದುಕೊಂಡವನ ಹಾಗೆ ಕಾಣುತ್ತಿದ್ದ.

ಮೊದಲ ದಿನ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಕುರ್ಚಿ ತರಿಸಿ, ಒಂಬತ್ತು ವರ್ಷದ ಮೇಲೆ ಮತ್ತೆ ಯೂನಿಟ್ಟಿನ ಕಡೆ ತಿರುಗಿಸಿ ಕೂತರು. ಹಿಂದೆ ನಿಂತವರೆಲ್ಲ ಹೊಸಬರು. ಮುದುಕ ತಮ್ಮನ್ನೇಕೆ ಹೀಗೆ ದುರುಗುಟ್ಟಿ ನೋಡುತ್ತಿದ್ದಾನೆ ಎಂದು ಅವರಿಗೆ ದಿಗಿಲು. ಒಬ್ಬ ಅಂಗಿಯ ಗುಂಡಿ ಸರಿಮಾಡಿಕೊಂಡ. ಒಬ್ಬ ಫೋನನ್ನು ಜೇಬಿಗಿಟ್ಟು ಕೈಕಟ್ಟಿ ನಿಂತ. ಸೌಂಡಿನವನಂತೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೇಲಧಿಕಾರಿ ತಪಾಸಣೆಗೆ ಬಂದಾಗ ಗುಮಾಸ್ತರು ನಿಲ್ಲುವ ಹಾಗೆ ನೆಟ್ಟಗೆ ನಿಂತುಬಿಟ್ಟ.

ಯಾರೂ ನಗಲಿಲ್ಲ. ನಾಲ್ಕನೇ ಟೇಕಿಗೆ ಮೇಷ್ಟ್ರು, "ಪರವಾಗಿಲ್ಲ, ಇನ್ನೊಂದು" ಎಂದರು. ಎಂಟನೆಯದಕ್ಕೆ "ಇನ್ನೊಂದು" ಎಂದರು. ಹನ್ನೆರಡನೆಯದಕ್ಕೆ ಬರೀ ಬೆರಳೆತ್ತಿದರು. ಹದಿನಾಲ್ಕಕ್ಕೆ ಅವರ ಮುಖ ಕಪ್ಪಿಟ್ಟಿತು. ಸಂಜೆಯ ಹೊತ್ತಿಗೆ ಆರು ದೃಶ್ಯ ಮುಗಿಯಬೇಕಾದ ಕಡೆ ಎರಡು ಮುಗಿದಿದ್ದವು.

ಪ್ರೊಡಕ್ಷನ್ ಮ್ಯಾನೇಜರು ಮಗಳನ್ನು ಮೆಟ್ಟಿಲ ಬಳಿ ಹಿಡಿದ. ಕೆಟ್ಟವನೇನಲ್ಲ, ಕೆಟ್ಟ ಸುದ್ದಿ ಹೇಳುವ ಕೆಲಸಕ್ಕೆ ಇಟ್ಟುಕೊಂಡವನು. "ನೋಡಮ್ಮ, ಇನ್ನೆರಡು ದಿನ ಹೀಗೇ ಆದ್ರೆ ಬೇರೆಯವರನ್ನ ಕರ್ಕೊಂಡು ಬಂದು ಕೂರಿಸ್ತಾರೆ. ನಿಮ್ಮ ತಂದೆಯವರ ಹೆಸರು ಹಾಕ್ತಾರೆ, ಬಿಡು. ಆದ್ರೆ ಸೆಟ್ಟಿಗೆ ಬರೋದು ಬೇಡ ಅಂತಾರೆ."

ಕಾರಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮನೆ ಹತ್ತಿರ ಬಂದಾಗ, "ನನ್ನ ಕೈಗುಣ ಹೋಯ್ತು ಪುಟ್ಟಿ" ಎಂದರು. ಅಷ್ಟೇ. ಅವಳಿಗೆ ಆ ಮಾತನ್ನು ಇನ್ನೊಮ್ಮೆ ಕೇಳುವ ಶಕ್ತಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ಬರುವ ಮುಂಚೆ ಅವಳು ಇಡೀ ಯೂನಿಟ್ಟನ್ನು ಸೆಟ್ಟಿನ ಹಿಂಭಾಗಕ್ಕೆ ಕರೆದಳು. ಮುಂದಿನಿಂದ ಅಂದವಾದ ಮನೆ, ಹಿಂದಿನಿಂದ ಬರೀ ಪ್ಲೈವುಡ್ಡು, ಮೊಳೆ, ಬಣ್ಣದ ಡಬ್ಬ. ಅಲ್ಲಿ ನಿಂತು ಅವಳು ಜೀವಮಾನದಲ್ಲಿ ಮೊದಲ ಸಲ ಅಪ್ಪನಿಗೆ ಗೊತ್ತಾಗದ ಹಾಗೆ ನಿರ್ದೇಶನ ಮಾಡಿದಳು.

"ಮೊದಲನೇ ಟೇಕಿಗೆ ಸುಮ್ನಿರಿ. ಎರಡನೇದಕ್ಕೆ ಒಂದಿಬ್ಬರು ಮುಗುಳ್ನಗಿ, ಸಾಕು. ಮೂರನೇದಕ್ಕೆ ಎಲ್ಲರೂ ನಗಿ. ಸದ್ದು ಬರಬಾರದು. ಬಾಯಿಗೆ ಕೈ ಹಿಡಿರಿ, ಭುಜ ಅಲುಗಿಸಿ. ಸಾರ್‌ಗೆ ಭುಜ ಕಾಣಬೇಕು."

"ನಗು ಬರ್ದೆ ಇದ್ರೆ ಮೇಡಂ?" ಎಂದ ಸೌಂಡಿನವನು.

"ಅದಕ್ಕೇ ಹೇಳ್ತಿರೋದು."

ಒಮ್ಮೆ ರಿಹರ್ಸಲ್ ಕೂಡ ಆಯಿತು. ಹದಿನೇಳು ಜನ ಪ್ಲೈವುಡ್ಡಿನ ಹಿಂದೆ ಸಾಲಾಗಿ ನಿಂತು ಬಾಯಿ ಮುಚ್ಚಿಕೊಂಡು ಭುಜ ಕುಣಿಸಿದರು. ದೂರದಿಂದ ನೋಡಿದವರಿಗೆ ಇವರ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎನ್ನಿಸುವಂತಿತ್ತು. ಮೇಕಪ್ ಅಕ್ಕನಿಗೆ ಅದನ್ನು ನೋಡಿ ನಿಜವಾಗಿಯೂ ನಗು ಬಂತು.

ಆ ದಿನ ಏಳು ದೃಶ್ಯ ಮುಗಿದವು.

ಮೂರನೇ ಟೇಕಿಗೆ ಹದಿನೇಳು ಭುಜಗಳು ಅಲುಗಿದಾಗ ಮೇಷ್ಟ್ರ ಮುಖದಲ್ಲಿ ಏನಾಯಿತು ಎನ್ನುವುದನ್ನು ಅವಳು ಪಕ್ಕದಿಂದ ನೋಡಿದಳು. ಮೊದಲು ಅವರು ನಂಬಲಿಲ್ಲ. ಹುಬ್ಬು ಗಂಟಿಕ್ಕಿ ಒಬ್ಬೊಬ್ಬರನ್ನೇ ನೋಡಿದರು. ಸುಳ್ಳು ನಗುವನ್ನು ಹಿಡಿಯುವುದರಲ್ಲಿ ಎತ್ತಿದ ಕೈ ಅವರು. ಹೀರೋಗಳ ಬಾಲಬಡುಕರನ್ನು ಸೆಟ್ಟಿನಿಂದ ಓಡಿಸಿದವರು. ಆದರೆ ನೀರಡಿಸಿದವನು ನೀರಿನ ಬಣ್ಣ ನೋಡುತ್ತಾನೆಯೇ? ಹುಬ್ಬು ಸಡಿಲವಾಯಿತು. "ಓಕೆ" ಎಂದರು.

ಮುಂದಿನ ಮೂರು ವಾರ ಆ ಮನೆಯಲ್ಲಿ ಹಬ್ಬ. ಮೇಷ್ಟ್ರು ಬೇಗ ಏಳತೊಡಗಿದರು. ಕನ್ನಡಿಯ ಮುಂದೆ ಸೀಟಿ ಹೊಡೆಯುತ್ತ ಗಡ್ಡ ಹೆರೆದುಕೊಂಡರು. ಎರಡನೇ ಸಲ ಅನ್ನ ಬಡಿಸಿಕೊಂಡರು. ಊಟ ಮಾಡುತ್ತ ಸೋಡಾ ಬಾಗಿಲಿಗೆ ತಲೆ ಜಜ್ಜಿಕೊಂಡದ್ದನ್ನು ನಟಿಸಿ ತೋರಿಸುವಾಗ ನೀರಿನ ಲೋಟ ಉರುಳಿತು. "ಆ ಸೌಂಡಿನವನಿದ್ದಾನಲ್ಲ, ಬಂಗಾರದಂಥ ಹುಡುಗ. ಒಂದು ನಗೆ ತಪ್ಪಿಸಲ್ಲ" ಎಂದು ಹೊಗಳಿದರು. ಅಮ್ಮ ಮಗಳ ಮುಖ ನೋಡಿದಳು. ಮಗಳು ತಟ್ಟೆ ನೋಡಿದಳು.

ಪಾತ್ರೆ ತೊಳೆಯುವಾಗ ಅಮ್ಮ ಕೇಳಿಯೇಬಿಟ್ಟಳು: "ಮೂರೇ ಟೇಕಿಗೆ ಓಕೆ ಮಾಡ್ತಾರಂತೆ? ಆ ಮನುಷ್ಯನ ಹತ್ರ ಯಾವತ್ತೂ ಅಷ್ಟು ಬೇಗ ಆಗಿದ್ದಿಲ್ಲ."

"ಈಗಿನವರು ಬೇಗ ನಗ್ತಾರಮ್ಮ."

ಅಮ್ಮ ಮುಂದಿನ ತಟ್ಟೆ ಎತ್ತಿಕೊಂಡು ಉಜ್ಜತೊಡಗಿದಳು.

ಸೋಡಾ ಮಾತ್ರ ಬಿಡಲಿಲ್ಲ. ಐದನೇ ಕಂತಿನ ಹೊತ್ತಿಗೆ ಅವಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ. ಕನ್ನಡಕ ತೆಗೆದು ಒರೆಸಿದ. ಕನ್ನಡಕವಿಲ್ಲದ ಅವನ ಮುಖದಲ್ಲಿ ನಗೆಯ ಲವಲೇಶವೂ ಇರಲಿಲ್ಲ.

"ಮಗಳೇ, ನಾನು ಇನ್ನೂ ಬಾಯೇ ತೆಗೆದಿರಲ್ಲ, ಆ ಸೌಂಡಿನವನು ಅಲುಗಾಡ್ತಿರ್ತಾನೆ. ಏನಿದು?"

ಅವಳು ಸುಳ್ಳು ಹೇಳಲಿಲ್ಲ. ಸೋಡಾ ಎಲ್ಲವನ್ನೂ ಕೇಳಿಸಿಕೊಂಡ. ಬೈಯುತ್ತಾನೆ ಎಂದುಕೊಂಡಿದ್ದಳು, ಬೈಯಲಿಲ್ಲ.

"ನಾನು ಒಳ್ಳೆ ನಟ ಏನಲ್ಲಮ್ಮ," ಎಂದ. "ಮೊದಲ ಮೂರು ಟೇಕು ನನ್ನದು ಕಸ. ನಿಮ್ಮಪ್ಪನಿಗೆ ಗೊತ್ತು ಅದು. ಹತ್ತನೇ ಟೇಕಿನ ಹೊತ್ತಿಗೆ ನನಗೆ ಸಾಕಾಗಿ, ಸಿಟ್ಟು ಬಂದು, ಏನೋ ಒಂದು ಆಗುತ್ತೆ. ಅದನ್ನ ಅವರು ಕಾದು ಹಿಡೀತಿದ್ರು. ನೀನು ಈಗ ಕಸಾನೇ ಓಕೆ ಮಾಡಿಸ್ತಿದ್ದೀಯ."

ಮೊದಲ ಕಂತು ಅದೇ ವಾರ ಪ್ರಸಾರವಾಯಿತು. ಮನೆಯ ಮೂವರೂ ಸೋಫಾದಲ್ಲಿ ಸಾಲಾಗಿ ಕೂತು ನೋಡಿದರು. ಮೇಷ್ಟ್ರು ಪ್ರತಿ ನಗೆಯ ಜಾಗಕ್ಕೂ ಮುಂದೆ ಬಾಗುತ್ತಿದ್ದರು, ಈಗ ಬಂತು, ಈಗ ಬಂತು ಎನ್ನುವ ಹಾಗೆ. ಬರಲಿಲ್ಲ. ಅವಳಿಗೆ ನಗು ಬರಲಿಲ್ಲ, ಅಮ್ಮನಿಗೂ ಬರಲಿಲ್ಲ. ಸೋಡಾ ಬಾಗಿಲು ಬಡಿದ, ಮಾತು ಒಪ್ಪಿಸಿದ, ಹೋದ. ಎಲ್ಲವೂ ಇತ್ತು, ಜೀವ ಒಂದಿರಲಿಲ್ಲ. ಮುಗಿದ ಮೇಲೆ ಮೇಷ್ಟ್ರು, "ಮನೇಲಿ ನೋಡಿದ್ರೆ ಹೀಗೇ. ಜನರ ಮಧ್ಯೆ ನೋಡಬೇಕು" ಎಂದು ಎದ್ದು ಹೋದರು. ಇದನ್ನು ಮಾಡಿದವಳು ತಾನು ಎಂದು ಮಗಳಿಗೆ ಗೊತ್ತಿತ್ತು. ಪ್ರೀತಿಯಿಂದ ಮಾಡಿದೆ ಎಂದರೆ ಕಂತು ಚೆನ್ನಾಗಿಬಿಡುತ್ತದೆಯೇ?

ಮರುದಿನವೇ ಯೂನಿಟ್ಟನ್ನು ಮತ್ತೆ ಪ್ಲೈವುಡ್ಡಿನ ಹಿಂದೆ ಕರೆದು, "ಇವತ್ತಿಂದ ನಗೋದು ಬೇಡ" ಎಂದಳು. ಅಷ್ಟೇ ಹೇಳಿ ಹೋದಳು, ಅವಳಿಗೆ ನೂರು ಕೆಲಸ.

ಆ ದಿನದ ದೃಶ್ಯ ಹೀಗಿತ್ತು. ಬೀಗದವನು ಮನೆಯ ಹೊರಗೆ ನಿಂತಿದ್ದಾನೆ. ಒಳಗಿನಿಂದ ಹೆಂಡತಿ, ನೀನು ನನ್ನ ಗಂಡನೇ ಹೌದಾದರೆ ನಾನು ಕೇಳಿದ್ದಕ್ಕೆ ಉತ್ತರ ಹೇಳು ಎಂದು ಒಂದೊಂದೇ ಪ್ರಶ್ನೆ ಕೇಳುತ್ತಾಳೆ. ಮೂರನೇ ಟೇಕಿಗೆ ಮೇಷ್ಟ್ರು ಅಭ್ಯಾಸದಂತೆ ಹದಿನೇಳು ಭುಜಗಳಿಗಾಗಿ ಕಾದರು. ಒಂದೂ ಅಲುಗಲಿಲ್ಲ. ಏಳನೆಯದು, ಹತ್ತನೆಯದು. ಅವರ ಕೈ ಕುರ್ಚಿಯ ಹಿಡಿಯನ್ನು ಉಜ್ಜತೊಡಗಿತು. ಮಗಳು ಉಗುರು ಕಚ್ಚುತ್ತ ನಿಂತಳು. ತಾಳು ಅಪ್ಪ, ಹಳೆಯ ಹಾಗೆ ತಾಳು ಎಂದು ಒಳಗೊಳಗೇ ಬೇಡಿಕೊಂಡಳು.

ಹದಿನಾರನೇ ಟೇಕಿನಲ್ಲಿ ಅದು ಆಯಿತು. "ನಮ್ಮ ಮದುವೆ ಆದ ದಿನ ಯಾವುದು?" ಎಂದು ಒಳಗಿನಿಂದ ದನಿ ಬಂತು. ಸೋಡಾ ಬಾಯಿ ತೆರೆದ, ಮುಚ್ಚಿದ. ಬರೆದುಕೊಟ್ಟ ಮಾತು ಬಿಟ್ಟುಬಿಟ್ಟ. ಬಹಳ ಹೊತ್ತು ಬಾಗಿಲನ್ನೇ ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತು, ಶೂ ಬಿಚ್ಚಿ, ಎರಡನ್ನೂ ಒಪ್ಪವಾಗಿ ಜೋಡಿಸಿಟ್ಟು, ಕೋಟನ್ನು ಮಡಚಿ ದಿಂಬು ಮಾಡಿ ಮಲಗಿ, ಬಾಗಿಲಿಗೆ ಬಹಳ ಮರ್ಯಾದೆಯಿಂದ, "ಬೆಳಿಗ್ಗೆ ಎಬ್ಬಿಸ್ತೀಯಾ?" ಎಂದ.

ಮೇಕಪ್ ಅಕ್ಕ ಗೋಡೆಗೆ ಹಣೆ ಒತ್ತಿಕೊಂಡಳು. ಅವಳ ಬೆನ್ನು ನಡುಗುತ್ತಿತ್ತು. ಮಗಳೂ ತಡೆಯಲಾಗದೆ ತುಟಿ ಕಚ್ಚಿಕೊಂಡಳು. ಬಂತು, ಅಪ್ಪ ಬಂತು, ಹೇಳು ಓಕೆ ಎಂದುಕೊಂಡಳು. ಮೇಷ್ಟ್ರು ಮೇಕಪ್ ಅಕ್ಕನ ಬೆನ್ನನ್ನು ನೋಡಿದರು. ಉಳಿದವರನ್ನು ನೋಡಿದರು. ಹದಿನಾರು ಜನ ಕಲ್ಲಿನ ಹಾಗೆ ನಿಂತಿದ್ದರು. ಮೂರು ವಾರದಿಂದ ಹದಿನೇಳು ಭುಜ ಕಂಡ ಕಣ್ಣಿಗೆ ಒಂದು ಬೆನ್ನು ಲೆಕ್ಕಕ್ಕೇ ಬರಲಿಲ್ಲ.

"ಇದು ಕೆಲಸ ಮಾಡ್ತಿಲ್ಲ," ಎಂದರು. "ಈ ಸೀನ್ ಬಿಟ್ಟುಬಿಡೋಣ."

ಸೋಡಾ ಮಲಗಿದ್ದಲ್ಲಿಂದ ಏಳದೆ ಕಣ್ಣು ಮುಚ್ಚಿಕೊಂಡ.

ಮಗಳು ಸೌಂಡಿನವನ ಹತ್ತಿರ ಓಡಿದಳು. "ನಿಮಗೆ ಯಾರಿಗೂ ನಗು ಬರ್ಲಿಲ್ವಾ?"

"ಬರ್ದೆ ಏನು ಮೇಡಂ!" ಎಂದ ಅವನು, ಕಣ್ಣಂಚಿನ ನೀರು ಒರೆಸಿಕೊಳ್ಳುತ್ತ. "ನಗಬೇಡಿ ಅಂದಿದ್ರಲ್ಲ ನೀವು. ಹಲ್ಲು ಕಚ್ಚಿ ತಡ್ಕೊಂಡ್ವಿ. ನನ್ನ ತೊಡೇನ ನಾನೇ ಚಿವುಟ್ಕೊಂಡೆ ನೋಡಿ."

ಅವಳು ಅವನನ್ನು ಏನೆಂದು ಬೈಯಬೇಕು? ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದ್ದ. ಹೋಗಿ ಅಪ್ಪನಿಗೆ ಈಗಲೇ ಎಲ್ಲ ಹೇಳಿ, ಹದಿನಾರನೆಯದನ್ನು ಉಳಿಸಿಕೋ ಎನ್ನಬಹುದಿತ್ತು. ಹೋದಳು ಕೂಡ. ಮೇಷ್ಟ್ರು ಕುರ್ಚಿಯಲ್ಲಿ ಕುಗ್ಗಿ ಕೂತು, ಕೈಯಲ್ಲಿ ಟೀ ಹಿಡಿದುಕೊಂಡು, "ನಿನ್ನೆ ತನಕ ಸರಿ ಇತ್ತಲ್ಲ ಪುಟ್ಟಿ" ಎಂದರು. ಅವಳ ಬಾಯಿಗೆ ಬಂದ ಮಾತು ಅಲ್ಲೇ ಸತ್ತಿತು. ಮ್ಯಾನೇಜರು ಬಾಗಿಲ ಬಳಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ. ಮರುದಿನದಿಂದ ಮೂರನೇ ಟೇಕಿಗೆ ಹದಿನೇಳು ಭುಜಗಳು ಮತ್ತೆ ಅಲುಗತೊಡಗಿದವು.

ಆರು ಕಂತು ಪ್ರಸಾರವಾದ ಮೇಲೆ ಚಾನೆಲ್ಲಿನವರು ಕರೆದರು. ಅಧಿಕಾರಿ ನಯವಾಗಿಯೇ ಹೇಳಿದಳು: "ಜನ ನೋಡ್ತಿಲ್ಲ ಸಾರ್. ನೋಡಿದವರು ನಗ್ತಿಲ್ಲ. ಉಳಿದಿದ್ದನ್ನ ನಿಲ್ಲಿಸೋಣ ಅಂತ ಮೇಲಿನವರ ತೀರ್ಮಾನ."

ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು ಎದ್ದು ಬರುತ್ತಿದ್ದರು. ಮೇಷ್ಟ್ರು ಬರಲಿಲ್ಲ. "ಎಲ್ಲೋ ತಪ್ಪಾಗಿದೆ. ನನ್ನ ಯೂನಿಟ್ಟು ನಕ್ಕಿದೆ. ಪ್ರತಿ ಸೀನಿಗೂ ನಕ್ಕಿದೆ. ಮೂವತ್ತೇಳು ವರ್ಷದಲ್ಲಿ ಯೂನಿಟ್ಟು ನಕ್ಕಿದ್ದಕ್ಕೆ ಜನ ನಗದೆ ಇದ್ದಿದ್ದಿಲ್ಲ" ಎಂದರು. ಅಧಿಕಾರಿ ಕನಿಕರದಿಂದ ತಲೆಯಾಡಿಸಿದಳು. ಆ ಕನಿಕರ ಅವರನ್ನು ಕೆರಳಿಸಿತು. "ನಾಳೆ ಕರ್ಕೊಂಡು ಬರ್ತೀನಿ. ನೀವೇ ಕೇಳಿ" ಎಂದುಬಿಟ್ಟರು.

ಮಗಳು ಆ ಸಂಜೆಯಿಡೀ ಬೇಡ ಅಪ್ಪ, ಬೇಡ ಅಪ್ಪ ಎಂದು ಗೋಗರೆದಳು.

ಮೇಷ್ಟ್ರು ಸಾಕ್ಷಿಗಳನ್ನು ಕರೆದುಕೊಂಡು ಹೋಗಿಯೇ ಹೋದರು. ಸಿನಿಮಾ ಪ್ರಪಂಚದಲ್ಲಿ ಇಂಥದ್ದನ್ನು ಹಿಂದೆ ಯಾರೂ ಮಾಡಿರಲಾರರು. ಹದಿನೇಳರಲ್ಲಿ ಒಂಬತ್ತು ಜನ ಸಿಕ್ಕಿದ್ದರು. ಅಧಿಕಾರಿಯ ಗಾಜಿನ ಕೋಣೆಯಲ್ಲಿ ಅವರೆಲ್ಲ ಗೋಡೆಗೆ ಒತ್ತಿಕೊಂಡು ನಿಂತರು. ಕೂರಲು ಕುರ್ಚಿ ಸಾಲಲಿಲ್ಲ. ಹೊರಗೆ ಕೆಲಸ ಮಾಡುತ್ತಿದ್ದವರು ಕಂಪ್ಯೂಟರಿನ ಮೇಲಿನಿಂದ ಕತ್ತು ಚಾಚಿ ನೋಡಿದರು.

ಮೇಷ್ಟ್ರು ಸೌಂಡಿನವನ ಹೆಗಲ ಮೇಲೆ ಕೈ ಇಟ್ಟರು. "ಇವನೇ. ಹೇಳಪ್ಪ, ಹೆದರಬೇಡ. ನಗು ಬಂತಾ ಇಲ್ವಾ?"

ಸೌಂಡಿನವನು ಬಾಯಿ ತೆರೆಯುವ ಮೊದಲು ಮಗಳ ಕಡೆ ನೋಡಿದ. ಏನು ಹೇಳಲಿ ಮೇಡಂ ಎಂದು ಕೇಳುವ ಹಾಗೆ. ಅಭ್ಯಾಸ. ಅವನು ನೋಡಿದ ಕೂಡಲೇ ಉಳಿದ ಎಂಟು ಜನವೂ ಅವಳ ಕಡೆಯೇ ನೋಡಿದರು.

"ಬಂತು ಸಾರ್," ಎಂದ ಅವನು ಆಮೇಲೆ. "ತುಂಬಾ ಬಂತು."

ಮೇಷ್ಟ್ರು ಮುಖಗಳನ್ನು ಓದಿಯೇ ಬದುಕು ಕಟ್ಟಿಕೊಂಡವರು. ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಸೌಂಡಿನವನ ಹೆಗಲಿನಿಂದ ಕೈ ತೆಗೆದರು. ಅಧಿಕಾರಿಗೆ, "ನಿಮ್ಮ ಸಮಯ ಹಾಳು ಮಾಡಿದೆ, ಕ್ಷಮಿಸಿ" ಎಂದರು. ಹುಡುಗರಿಗೆಲ್ಲ ಒಬ್ಬೊಬ್ಬರಿಗೇ ಥ್ಯಾಂಕ್ಸ್ ಹೇಳಿ ಕಳಿಸಿದರು.

ಲಿಫ್ಟಿನಲ್ಲಿ ಅಪ್ಪ ಮಗಳು ಇಬ್ಬರೇ ಇದ್ದರು.

"ಯಾವತ್ತಿಂದ?"

"ಎರಡನೇ ದಿನದಿಂದ ಅಪ್ಪ."

ಅವರು ಲಿಫ್ಟಿನ ಬಾಗಿಲ ಕಡೆಯೇ ನೋಡುತ್ತಿದ್ದರು. ಅವಳು ಅತ್ತಳು, ಮ್ಯಾನೇಜರು ಹೇಳಿದ್ದು, ಬೇರೆಯವರನ್ನು ತಂದು ಕೂರಿಸುವ ಮಾತು, ಹದಿನಾರನೇ ಟೇಕು, ಎಲ್ಲವನ್ನೂ ಅಳುತ್ತಲೇ ಹೇಳಿದಳು. ಅವರು ಅವಳ ತಲೆಯ ಮೇಲೆ ಒಮ್ಮೆ ಕೈಯಾಡಿಸಿದರು. ಕೂಗಾಡಿದ್ದರೆ ಅವಳಿಗೆ ಎಷ್ಟೋ ಮೇಲಾಗುತ್ತಿತ್ತು. ಮಗಳಾದವಳು ಹೀಗೆ ಮಾಡುವುದೇ ಸಹಜ ಎನ್ನುವ ಹಾಗಿತ್ತು ಆ ಕೈ. ಅವಳಿಗೆ ಆಗ ಅದು ಕ್ಷಮೆ ಎನ್ನಿಸಿತು.

ಅದು ಕ್ಷಮೆಯೇ ಇದ್ದಿರಬಹುದು. ಆದರೆ ಅದರ ಹಿಂದೆ ಇನ್ನೊಂದು ಯೋಚನೆ ಹುಟ್ಟಿಕೊಂಡಿತ್ತು. ಮರುದಿನ ಬೆಳಿಗ್ಗೆ ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಾಗ ಮೇಷ್ಟ್ರು ಬಂದು ಎದುರು ಕೂತರು. ಹವಾಮಾನ ವಿಚಾರಿಸುವವರ ಹಾಗೆ ಸಲೀಸಾಗಿ ಕೇಳಿದರು.

"ನೀನೂ ಏನಾದ್ರೂ ಹೇಳಿದ್ಯಾ? ಆಗ?"

"ಯಾವಾಗ?"

"ಆ ಸಿನಿಮಾಗಳಲ್ಲಿ. ನೀನು ದಿನಾ ಸೆಟ್ಟಿನಲ್ಲೇ ಇರ್ತಿದ್ದೆ. ಲೈಟಿನವರೆಲ್ಲ ನಿನ್ನ ಮಾತು ಕೇಳ್ತಿದ್ರು. ಅಕ್ಕ ಅಕ್ಕ ಅಂತ ಹಿಂದೆ ಮುಂದೆ ಸುತ್ತುತ್ತಿದ್ರು."

ಅಮ್ಮ ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ಇಲ್ಲ," ಎಂದಳು.

"ಹೇಳಿದ್ರೂ ಬೇಜಾರಿಲ್ಲ. ನನ್ನ ಒಳ್ಳೇದಕ್ಕೇ ಹೇಳಿರ್ತೀಯ."

"ಇಲ್ಲ ಅಂದೆನಲ್ಲ! ಆಗ ಜನ ಥಿಯೇಟರಿನಲ್ಲಿ ನಕ್ಕಿದ್ದೂ ನಾನು ಹೇಳಿದ್ದಕ್ಕಾ? ಊರೂರಿನ ಜನರಿಗೂ ನಾನು ಹೋಗಿ ಹೇಳಿ ಬಂದೆನಾ?"

"ಜನ," ಎಂದರು ಮೇಷ್ಟ್ರು. "ಪಕ್ಕದವನು ನಕ್ಕ ಅಂತ ನಗೋರು ಜನ. ಮೊದಲು ನಕ್ಕವನು ಯಾಕೆ ನಕ್ಕ, ಅದು ಗೊತ್ತಾಗಬೇಕಲ್ಲ."

ಅವರು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು, ಸೆಟ್ಟಿನಲ್ಲಿ ನೋಡುತ್ತಿದ್ದ ಹಾಗೆಯೇ. ಅಮ್ಮನ ಕಣ್ಣಲ್ಲಿ ನೀರು ತುಂಬಿತು. ಅದು ನೋವಿಗೋ, ಸಿಕ್ಕಿಬಿದ್ದದ್ದಕ್ಕೋ ಅವರಿಗೆ ಓದಲಾಗಲಿಲ್ಲ. ಓದಲಾಗಲಿಲ್ಲ ಎನ್ನುವುದು ಬಾಗಿಲಲ್ಲಿ ನಿಂತ ಮಗಳಿಗೆ ಕಂಡಿತು. ತಾನು ಹಾಳು ಮಾಡಿದ್ದು ಹದಿಮೂರು ಕಂತನ್ನಷ್ಟೇ ಅಲ್ಲ, ಏಳು ಸಿನಿಮಾವನ್ನೂ ಎಂದು ಅವಳಿಗೆ ಆಗ ಹೊಳೆಯಿತು.

ಆಮೇಲೆ ಮೇಷ್ಟ್ರು ಆ ವಿಷಯ ಎತ್ತಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದರು, ಪೇಪರು ಓದುತ್ತಿದ್ದರು, ನಲ್ಲಿ ಸೋರಿದರೆ ತಾವೇ ಸರಿಮಾಡುತ್ತಿದ್ದರು. ಯಾರಾದರೂ ಹಳೆಯ ಸಿನಿಮಾ ನೆನೆದು, ಎಷ್ಟು ನಗಿಸಿದ್ರಿ ಸಾರ್ ಎಂದರೆ, ಸಾಲ ಪಡೆದವರ ಹಾಗೆ ಮುಜುಗರಪಟ್ಟು ಮಾತು ಬದಲಿಸುತ್ತಿದ್ದರು. ಸೋಡಾ ಎರಡು ಸಲ ಬಂದು, ಆಗಿನ ನಗು ನಿಜವೇ ಎಂದು ಆಣೆ ಪ್ರಮಾಣ ಮಾಡಿ ಹೇಳಿದ. ಅವನಿಗೆ ಟೀ ಕೊಟ್ಟು ಕಳಿಸಿದರು.

ಒಂದು ಭಾನುವಾರ ಮಧ್ಯಾಹ್ನ ಮಗಳು ಟೀವಿಯ ಚಾನೆಲ್ಲುಗಳನ್ನು ತಿರುವುತ್ತಿದ್ದಾಗ ಅಪ್ಪನ ನಾಲ್ಕನೇ ಸಿನಿಮಾ ಬರುತ್ತಿತ್ತು. ಅಪ್ಪ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಬದಲಿಸಬೇಕೆಂದು ರಿಮೋಟು ಎತ್ತಿದಳು, ಅಷ್ಟರಲ್ಲಿ ಸೋಡಾ ಪರದೆಯ ಮೇಲೆ ಬಂದುಬಿಟ್ಟ. ಮೂವತ್ತು ವರ್ಷ ಚಿಕ್ಕ ಸೋಡಾ. ಸಂದರ್ಶನಕ್ಕೆಂದು ಲಾಂಡ್ರಿಯವನಿಂದ ಸಾಲ ತಂದ ಸೂಟು ಹಾಕಿಕೊಂಡಿದ್ದಾನೆ. ಎದುರಿಗೆ ಕೂತ ಸಾಹೇಬ ಆ ಸೂಟಿನ ಯಜಮಾನ. ಸಾಹೇಬ ಗುಂಡಿಗಳನ್ನು ಒಂದೊಂದಾಗಿ ಗುರುತಿಸುತ್ತ ಹೋದ ಹಾಗೆ ಸೋಡಾ ಒಂದೊಂದಾಗಿ ಗುಂಡಿ ಬಿಚ್ಚುತ್ತ, ಅದೇ ನಗುಮುಖದಿಂದ ಪ್ರಶ್ನೆಗಳಿಗೆ ಉತ್ತರ ಹೇಳುತ್ತ, ಕೊನೆಗೆ ಕೋಟು ಮಡಚಿ ಮೇಜಿನ ಮೇಲಿಟ್ಟು, "ಇನ್ನು ಪ್ಯಾಂಟಿನ ವಿಷಯ ಸ್ವಲ್ಪ ಏಕಾಂತದಲ್ಲಿ ಮಾತಾಡೋಣ ಸಾರ್" ಎಂದ.

ನೂರು ಸಲ ನೋಡಿದ್ದು. ಆದರೂ ಅವಳಿಗೆ ತಡೆಯಲಾಗಲಿಲ್ಲ. ಹೊಟ್ಟೆಯೊಳಗಿನಿಂದ ಉಕ್ಕಿ ಬಂತು. ಬಾಯಿಗೆ ಕೈ ಒತ್ತಿಕೊಂಡಳು, ಬಗ್ಗಿದಳು, ಕಣ್ಣಲ್ಲಿ ನೀರು ಬಂತು, ಭುಜಗಳು ಅಲುಗತೊಡಗಿದವು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು. ನಗುತ್ತಲೇ ಅಪ್ಪನ ಕಡೆ ತಿರುಗಿದಳು, ನೋಡು ಅಪ್ಪ, ನೋಡು ಎನ್ನುವ ಹಾಗೆ.

ಮೇಷ್ಟ್ರು ಪೇಪರು ಕೆಳಗಿಳಿಸಿ ಅವಳ ಭುಜಗಳನ್ನೇ ನೋಡುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ. ಬಹಳ ಅಕ್ಕರೆಯಿತ್ತು.

"ಸಾಕು ಬಿಡು ಪುಟ್ಟಿ," ಎಂದರು. "ಶೂಟಿಂಗ್ ಮುಗೀತಲ್ಲ."